ನಾನೂರ ಇಪ್ಪತ್ತು ಹೆಜ್ಜೆ ಮತ್ತು ಹಂದಿಯ ತೊಡೆ

ಒಕ್ಕೂಟದ ಮೂಲ ಒಪ್ಪಂದಗಳ ಕಾವಲು ಹೊತ್ತಿರುವ ಕಚೇರಿಯ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ಸತ್ತ ಹಂದಿಯ ತೊಡೆಗೆ ಇರುವ ಸ್ವಾತಂತ್ರ್ಯ, ಸತ್ತ ಮೇಲೆ ನನಗೆ ಯಾಕಿಲ್ಲ? ಇಷ್ಟೇ ನನ್ನ ದೂರು. ಉಳಿದದ್ದನ್ನು ಬಿಡುವಾದಾಗ ಓದಿ. ಬಿಡುವು ನಿಮಗಿರಬಹುದು, ನನಗಿಲ್ಲ. ದ್ರಾಕ್ಷಿ ಕೊಯ್ಲಿನವರೆಗೆ ಎಳೆದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದಾರೆ, ಬಳ್ಳಿಯಲ್ಲಿ ಈಗಾಗಲೇ ಕಾಯಿ ಕಟ್ಟಿದೆ.

ನಾನು ಸುಣ್ಣಕಲ್ಲಿನ ಕಾರ್ಸ್ಟ್ ಸೀಮೆಯ ಕಲ್ಲುಕುಟಿಗ. ನಮ್ಮ ಹಳ್ಳಿಯ ಮನೆಗಳು ಸ್ಲೊವೇನಿಯಾದಲ್ಲಿವೆ, ಚರ್ಚು ಮತ್ತು ಸ್ಮಶಾನ ಇಟಲಿಯಲ್ಲಿವೆ. ಯುದ್ಧ ಮುಗಿದ ಮೇಲೆ ದೊಡ್ಡವರು ಕೂತು ಭೂಪಟದ ಮೇಲೆ ಗೆರೆ ಎಳೆದರು, ನಮ್ಮನ್ನು ಕೇಳಲಿಲ್ಲ. ನನ್ನ ಹೊಸ್ತಿಲಿನಿಂದ ಹೆಂಡತಿ ಆಲ್ಬಿನಾಳ ಗೋರಿಗೆ ನಾನೂರ ಇಪ್ಪತ್ತು ಹೆಜ್ಜೆ. ಅವಳು ಜಾಣೆ. ಆರು ವರ್ಷದ ಹಿಂದೆ ಆಚೆ ಬದಿಯಲ್ಲಿರುವ ತಂಗಿಯ ಮನೆಗೆ ಊಟಕ್ಕೆ ಹೋದವಳು, ಸೂಪು ಮುಗಿಸಿ ಅಲ್ಲೇ ಪ್ರಾಣ ಬಿಟ್ಟಳು. ಗಡಿಯ ಯಾವ ಕಾಗದವೂ ಬೇಕಾಗಲಿಲ್ಲ. ಅವಳ ಗೋರಿಕಲ್ಲನ್ನು ನಾನೇ ಕೆತ್ತಿದೆ. ಪಕ್ಕದಲ್ಲಿ ನನ್ನ ಹೆಸರು, ಹುಟ್ಟಿದ ವರ್ಷ, ಒಂದು ಅಡ್ಡಗೆರೆ ಹಾಕಿ ಮುಂದೆ ಜಾಗ ಬಿಟ್ಟಿದ್ದೇನೆ.

ನಮ್ಮಲ್ಲಿ ಹೆಣವನ್ನು ಗಾಡಿಗೆ ಹಾಕುವುದಿಲ್ಲ, ನೆರೆಯ ಆರು ಜನ ಹೊರುತ್ತಾರೆ. ಅರ್ಧ ದಾರಿಯ ಚಪ್ಪಟೆ ಬಂಡೆಯ ಮೇಲೆ ಪೆಟ್ಟಿಗೆ ಇಳಿಸಿ, ಒಂದೊಂದು ಲೋಟ ಕೆಂಪು ವೈನ್ ಕುಡಿದು, ಸತ್ತವರ ಮೇಲೆ ಒಬ್ಬೊಬ್ಬರೂ ಒಂದು ನಿಜವಾದ ದೂರು ಹೇಳಿ ಮತ್ತೆ ಎತ್ತುತ್ತಾರೆ. ಸಿಟ್ಟನ್ನು ಮಣ್ಣಿನವರೆಗೆ ಒಯ್ಯಬಾರದು ಎಂಬುದು ಪದ್ಧತಿ. ಗಡಿ ಹಾದುಹೋಗುವುದು ಆ ಬಂಡೆಯ ಮೇಲೆಯೇ. ನಾನು ಚಿಕ್ಕವನಿದ್ದಾಗ ಅಲ್ಲಿ ಬಂದೂಕಿನ ಸೈನಿಕರು ನಿಲ್ಲುತ್ತಿದ್ದರು. ಪೆಟ್ಟಿಗೆ ಬಂದರೆ ಟೋಪಿ ತೆಗೆದು ದಾರಿ ಬಿಡುತ್ತಿದ್ದರು. ಈಗ ಎರಡೂ ದೇಶಗಳು ನಿಮ್ಮ ಒಕ್ಕೂಟದಲ್ಲಿವೆ, ಗಡಿಯೇ ಇಲ್ಲ ಎನ್ನುತ್ತೀರಿ. ಗಡಿ ಇದ್ದಾಗ ದಾಟುತ್ತಿದ್ದ ಹೆಣ, ಗಡಿ ಇಲ್ಲವಾದ ಮೇಲೆ ದಾಟದಂತಾಗಿದೆ. ಇದನ್ನು ಪ್ರಗತಿ ಎನ್ನಲು ಎಷ್ಟು ಓದಿರಬೇಕು, ಮಾನ್ಯರೇ?

ವಿಷಯ ತಿಳಿದದ್ದು ನಮ್ಮ ಪೇಟೆಯ ಕಚೇರಿಯಲ್ಲಿ. ಅಲ್ಲಿನ ಗುಮಾಸ್ತೆ ಒಳ್ಳೆಯ ಹುಡುಗಿ, ಕುರ್ಚಿ ಕೊಟ್ಟಳು.

“ಸತುವಿನ ತಗಡು ಹೊದಿಸಿ ಬೆಸುಗೆ ಹಾಕಿದ ಪೆಟ್ಟಿಗೆ ಬೇಕು ಯಜಮಾನ್ರೇ. ಆರೋಗ್ಯ ಇಲಾಖೆ ಪತ್ರ, ಹೆಣದ ರಹದಾರಿ ಬೇಕು. ಕಾಲುದಾರೀಲಿ ಒಯ್ಯೋಹಾಗಿಲ್ಲ. ಶವದ ಗಾಡೀಲಿ ಹೆದ್ದಾರಿ ಸುತ್ತಿ ಹೋಗ್ಬೇಕು, ಮೂವತ್ತೆಂಟು ಕಿಲೋಮೀಟರ್.”

“ನನ್ನ ಹತ್ರ ಪಾಸ್‌ಪೋರ್ಟ್ ಇದೆಯಲ್ಲಮ್ಮ?”

“ಅದು ವ್ಯಕ್ತಿಗೆ. ಸತ್ಮೇಲೆ ನೀವು ವ್ಯಕ್ತಿ ಅಲ್ಲ.”

“ಮತ್ತೆ? ವಸ್ತುನಾ?”

ಅವಳು ನಿಯಮದ ಹಾಳೆಗಳನ್ನು ಮುಂದೆ ಹಿಂದೆ ತಿರುವಿದಳು. “ವಸ್ತುನೂ ಅಲ್ಲ. ವಸ್ತು ಆಗಿದ್ರೆ ಇಷ್ಟು ತೊಂದ್ರೆನೇ ಇರ್ತಿರ್ಲಿಲ್ಲ.”

ಮನೆಗೆ ಬಂದು ನಿಮ್ಮ ಮೂಲ ಒಪ್ಪಂದಗಳನ್ನು ಎರಡು ಸಲ ಓದಿದೆ. ವ್ಯಕ್ತಿ, ವಸ್ತು, ಸೇವೆ, ಬಂಡವಾಳ, ಈ ನಾಲ್ಕಕ್ಕೂ ಒಕ್ಕೂಟದೊಳಗೆ ತಡೆಯಿಲ್ಲದ ಸಂಚಾರ ಎಂದಿದೆ. ಬದುಕಿದ್ದಾಗಲೇ ನಾನು ಯಾರ ಸೇವೆಗೂ ಒದಗಿದವನಲ್ಲ. ಬಂಡವಾಳವಂತೂ ಅಲ್ಲವೇ ಅಲ್ಲ. ಪಕ್ಕದ ಮನೆಯ ಬೊಗೊಮಿರ್ ಹಂದಿ ತೊಡೆಗೆ ಉಪ್ಪು ಸವರಿ, ಗಾಳಿಗೆ ಒಣಗಿಸಿ, ವಾರಕ್ಕೆ ನಾಲ್ಕನ್ನು ಅದೇ ಕಾಲುದಾರಿಯಲ್ಲಿ ಆಚೆಯ ಖಾನಾವಳಿಗೆ ಹೊರುತ್ತಾನೆ. ಅವುಗಳನ್ನು ಯಾರೂ ತಡೆಯುವುದಿಲ್ಲ. ನನ್ನ ಪಾಡು ಕೇಳಿ ಅವನು ಬಿದ್ದು ಬಿದ್ದು ನಕ್ಕ.

“ಚಿಂತೆ ಮಾಡ್ಬೇಡ ಸ್ತಾಂಕೊ. ನಿನ್ನನ್ನೂ ಉಪ್ಪು ಹಾಕಿ ನೇತುಹಾಕ್ತೀನಿ. ಒಂದೂವರೆ ವರ್ಷ ಬಿಟ್ರೆ ಆರಾಮಾಗಿ ದಾಟ್ಬೋದು.”

“ಯಾರಾದ್ರೂ ರುಚಿ ನೋಡಿದ್ರೆ?”

“ನೋಡಿದ್ರೆ ವಾಪಸ್ ಕಳಿಸ್ತಾರೆ ಬಿಡು.”

ಕಾನೂನನ್ನು ಪರೀಕ್ಷಿಸಿಯೇ ಬಿಡೋಣವೆಂದು ಕಳೆದ ಭಾನುವಾರ, ನನಗೆಂದು ಮಾಡಿಸಿಟ್ಟಿರುವ ಶವಪೆಟ್ಟಿಗೆಯಲ್ಲಿ ನಾನೇ ಮಲಗಿದೆ. ಆರು ಜನ ಹೊತ್ತರು. ಬಂಡೆಯ ಮೇಲೆ ಇಳಿಸಿ ವೈನ್ ಕುಡಿದರು, ನನಗೆ ಕೊಡಲಿಲ್ಲ. ಬೊಗೊಮಿರ್ ಗಂಟಲು ಸರಿಮಾಡಿಕೊಂಡು, “ಇವ್ನು ಒಯ್ದ ಏಣಿ ಇಪ್ಪತ್ತು ವರ್ಷ ಆದ್ರೂ ವಾಪಸ್ ಬಂದಿಲ್ಲ” ಎಂದ.

“ಮುರಿದಿರೋ ಏಣಿ ಕೊಟ್ಟವ್ನು ನೀನು ಕಣೋ!” ಎಂದು ಒಳಗಿನಿಂದ ಕೂಗಿದೆ.

ಅಷ್ಟರಲ್ಲಿ ಆಚೆಯಿಂದ ಗಸ್ತಿನ ಪೊಲೀಸರಿಬ್ಬರು ಬಂದರು. ಎದ್ದು ಕೂತು ಗುರುತಿನ ಚೀಟಿ ಕೊಟ್ಟೆ. ಒಬ್ಬ ಚಿತ್ರವನ್ನೂ ನನ್ನ ಮುಖವನ್ನೂ ಮೂರು ಸಲ ನೋಡಿದ.

“ಬದುಕಿದ್ದೀರಾ?”

“ಸದ್ಯಕ್ಕೆ.”

“ಹಾಗಾದ್ರೆ ಏನೂ ಅಡ್ಡಿಯಿಲ್ಲ. ದಾಟಿ.”

ಅಂದರೆ ಶವಪೆಟ್ಟಿಗೆಯಲ್ಲಿ, ಆರು ಜನರ ಹೆಗಲ ಮೇಲೆ ಹೋಗುವುದು ನ್ಯಾಯಬದ್ಧ. ಉಸಿರಾಡುತ್ತಿದ್ದರೆ ಸಾಕು. ಹಾಗಾಗಿ ಸೋಮವಾರದಿಂದ ಬೆಳಿಗ್ಗೆಯೇ ಮಡಚುವ ಕುರ್ಚಿ ಹಿಡಿದು ಆಲ್ಬಿನಾಳ ಪಕ್ಕ ಹೋಗಿ ಕೂರುತ್ತೇನೆ. ಸಾವು ಬಂದರೆ ಸರಿಯಾದ ದೇಶದಲ್ಲಿ ಬರಲಿ ಎಂದು.

ಗುರುವಾರ ಅದು ತಪ್ಪು ದೇಶದಲ್ಲಿ ಬರುವುದರಲ್ಲಿತ್ತು. ಅಡುಗೆಮನೆಯಲ್ಲಿ ಕಾಫಿ ಕಾಯಿಸುವಾಗ ಎದೆ ಹಿಂಡಿತು. ಫೋನು ಕೈಗೆ ಎಟಕುವಂತಿತ್ತು. ನಾನು ಕೋಲು ತೆಗೆದುಕೊಂಡೆ. ವೈದ್ಯರನ್ನು ಕರೆಯುವುದು ಬಿಟ್ಟು ಗಡಿಯ ಕಡೆಗೆ ತೆವಳಿದಂತೆ ನಡೆದೆ. ಬಂಡೆ ಮುಟ್ಟುವಾಗ ನೋವು ಇಳಿಯಿತು. ಅಲ್ಲಿ ಕೂತು ಅತ್ತೆ, ಮಾನ್ಯರೇ. ಭಯದಿಂದಲೂ ಅತ್ತೆ, ಅವಮಾನದಿಂದಲೂ ಅತ್ತೆ.

ಆದ್ದರಿಂದ ನನ್ನ ಬೇಡಿಕೆ: ಸತ್ತ ಮೇಲೂ ನಾನೂರ ಇಪ್ಪತ್ತು ಹೆಜ್ಜೆಯವರೆಗೆ ನನ್ನನ್ನು ವ್ಯಕ್ತಿ ಎಂದು ಪರಿಗಣಿಸಿ. ಒಪ್ಪಂದ ತಿದ್ದಲು ಎಲ್ಲ ದೇಶಗಳೂ ಒಪ್ಪಬೇಕು, ತಡವಾಗುತ್ತದೆ ಎಂದಾದರೆ, ನನ್ನನ್ನು ಹಂದಿ ಎಂದು ಬರೆದುಕೊಡಿ. ನನಗೆ ಬೇಸರವಿಲ್ಲ.

ಕೊನೆಯದೊಂದು ಮಾತು. ಆಲ್ಬಿನಾ ಸತ್ತದ್ದು ಆಚೆ ಬದಿಯಲ್ಲಾದರೂ ಪದ್ಧತಿ ತಪ್ಪಬಾರದೆಂದು ಅವಳನ್ನು ಬಂಡೆಯವರೆಗೆ ತಂದು ಇಳಿಸಿದ್ದೆವು. ನನ್ನ ಸರದಿ ಬಂದಾಗ ನಾನು ಹೇಳಿದ ದೂರು ಇದು: “ಇವ್ಳು ಒಂದು ದಿನಾನೂ ನನಗೋಸ್ಕರ ಕಾಯ್ಲಿಲ್ಲ.” ಆರು ವರ್ಷದಿಂದ ಕಾಯುತ್ತಿದ್ದಾಳೆ.

ಇಂತಿ,
ಈ ಪತ್ರ ನಿಮಗೆ ತಲುಪುವ ವೇಳೆಗೂ ಬಹುಶಃ ವ್ಯಕ್ತಿಯಾಗಿಯೇ ಇರುವ,
ಸ್ತಾಂಕೊ ಗುಲಿಚ್
(ಉತ್ತರವನ್ನು ಹಗಲು ಹೊತ್ತಿನಲ್ಲಿ ಸ್ಮಶಾನದ ವಿಳಾಸಕ್ಕೇ ಕಳಿಸಿ)