ಮೊದಲು ಅಂದಾಜು, ಆಮೇಲೆ ಬಳೆ

ಮಲ್ಪೆ ಹಾರುಕಟ್ಟೆ
ಕ್ರೋಧಿ ಸಂವತ್ಸರ, ಆಷಾಢದ ಮೊದಲ ವಾರ
ಇಸವಿ ಎರಡು ಸಾವಿರದ ಇನ್ನೂರ ನಾಲ್ಕು

ಶಶಿರೇಖಾ ಅಜ್ಜಿಗೆ ವಾರಿಜಾ ತಿಂಗಳಾಯಳ ನಮಸ್ಕಾರಗಳು.

ತಾರೀಕು ನೋಡಿ ಕಣ್ಣುಜ್ಜಿಕೊಳ್ಳಬೇಡಿ, ಅದು ಸರಿಯಾಗಿಯೇ ಉಂಟು. ನಾನು ನಿಮ್ಮಿಂದ ಏಳನೆಯ ತಲೆಯವಳು, ಮಗಳಿಂದ ಮಗಳಿಗೆ ಇಳಿದು ಬಂದ ಸಾಲಿನವಳು. ಈ ಪತ್ರ ಓದುವಾಗ ನಿಮಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬಹುದು. ವಿಮಾನ ಕಲಿಯುತ್ತಿರುವ ಹುಡುಗಿಯನ್ನು ಅಜ್ಜಿ ಎನ್ನುವುದು ವಿಚಿತ್ರವೇ, ಆದರೆ ನಲವತ್ತೈದು ದಾಟಿದ ನಾನು ನಿಮ್ಮನ್ನು ಬೇರೆ ಎಂತ ಕರೆಯುವುದು ಹೇಳಿ. ನಮ್ಮ ಕಾಲದ ಕೆಲವು ಶಬ್ದಗಳು ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಕ್ಷಮಿಸಿ. ಎಲ್ಲದಕ್ಕೂ ಅಲ್ಲಲ್ಲೇ ಅರ್ಥ ಹೇಳುತ್ತಾ ಹೋಗುತ್ತೇನೆ. ಪತ್ರ ನಿಮಗೆ ಹೇಗೆ ಮುಟ್ಟುತ್ತದೆ ಎನ್ನುವುದನ್ನು ಮಾತ್ರ ಕೇಳಬೇಡಿ, ಅದು ನನಗೂ ಗೊತ್ತಿಲ್ಲ.

ಬರೆಯುವ ಕಾರಣ ನಿಮ್ಮ ಕೈಗಡಿಯಾರ. ಹೌದು, ಅದೇ, ಮುಖದ ಸುತ್ತ ತಿರುಗುವ ಉಂಗುರ ಇರುವ ಪೈಲಟ್ ವಾಚು. ಅದು ಈಗ ನನ್ನ ಎಡಗೈಯಲ್ಲಿ ಉಂಟು, ನಾಳೆ ಬೆಳಿಗ್ಗೆ ಅದನ್ನು ಬಿಚ್ಚಿ ಒಂದು ತಟ್ಟೆಯಲ್ಲಿ ಇಡಬೇಕೆಂದು ನನಗೆ ಆಜ್ಞೆಯಾಗಿದೆ. ಇಡುವುದಿಲ್ಲ.

ಮೊದಲು ನಮ್ಮ ಊರಿನ ಸ್ಥಿತಿ ಹೇಳುತ್ತೇನೆ. ನೀವು ಕಂಡ ಮಲ್ಪೆ ಬಂದರು ಈಗ ನೀರಿನಡಿ. ಸಮುದ್ರ ಉಡುಪಿಯ ಹತ್ತಿರಕ್ಕೆ ಬಂದು ನಿಂತಿದೆ, ಆದರೂ ನಾವು ಹೊಸ ದಡಕ್ಕೂ ಮಲ್ಪೆ ಅಂತಲೇ ಹೆಸರಿಟ್ಟುಕೊಂಡಿದ್ದೇವೆ. ಮನೆ ಕಳೆದುಕೊಂಡ ನಮ್ಮ ಜನ ಅರ್ಧದಷ್ಟು ನಡು ಸಮುದ್ರಕ್ಕೇ ಹೋಗಿ, ತೇಲುವ ಹಲಗೆಗಳ ಮೇಲೆ ಊರು ಕಟ್ಟಿಕೊಂಡರು. ಅದಕ್ಕೆ ತೇಲೂರು ಎನ್ನುತ್ತಾರೆ. ಅಲ್ಲಿ ಮೀನು ಉಂಟು, ಶಾಲೆ ಉಂಟು, ಮದುವೆ ಮುಂಜಿ ಎಲ್ಲ ಉಂಟು, ಕುಡಿಯುವ ನೀರು ಮತ್ತು ಡಾಕ್ಟರು ಮಾತ್ರ ಇಲ್ಲ. ಆದ್ದರಿಂದ ಪ್ರತಿದಿನ ಹಾರುದೋಣಿಗಳು ಹೋಗಿ ಬರುತ್ತವೆ. ನೀರಿನ ಮೇಲೆ ಇಳಿಯುವ ಹನ್ನೆರಡು ಸೀಟಿನ ಸಣ್ಣ ವಿಮಾನವನ್ನು ನಾವು ಹಾರುದೋಣಿ ಎನ್ನುತ್ತೇವೆ, ಅವು ಬಂದು ಕಟ್ಟುವ ಜಾಗ ಹಾರುಕಟ್ಟೆ. ನಾನು ಅದರಲ್ಲಿ ಪೈಲಟ್. ಬೆಳಿಗ್ಗೆ ಗಂಜಿ, ಸುಟ್ಟ ಒಣಮೀನು, ಆಮೇಲೆ ಎಂಜಿನ್ ಹತ್ತಿರ ಕಿವಿಯಿಟ್ಟು ಒಂದು ಸುತ್ತು. ಇವಿಷ್ಟು ಇಲ್ಲದೆ ನನ್ನ ದಿನ ಶುರುವಾಗುವುದಿಲ್ಲ.

ಹಾರುದೋಣಿಯನ್ನು ನಿಜವಾಗಿ ಓಡಿಸುವುದು ನಾವಲ್ಲ, ದಾರಿತಾಯಿ. ಗಾಳಿಮಂಡಳಿ ಎನ್ನುವ ಸರಕಾರಿ ಮಂಡಳಿಯವರು ದಡದಲ್ಲಿ ಕೂರಿಸಿರುವ ದೊಡ್ಡ ಯಂತ್ರಕ್ಕೆ ಆ ಹೆಸರು. ಎಣ್ಣೆ ಎಷ್ಟು ತುಂಬಬೇಕು, ಯಾವಾಗ ತಿರುಗಬೇಕು, ಎಲ್ಲ ಅದೇ ಹೇಳುತ್ತದೆ. ಎಣ್ಣೆ ತುಂಬುವುದರಲ್ಲಂತೂ ಮಹಾ ಜಿಪುಣಿ. ಮಂಡಳಿಯವರು ತುಂಬ ಪ್ರೀತಿಯಿಂದ ತಾಯಿ ಅಂತ ಹೆಸರಿಟ್ಟಿದ್ದಾರೆ, ಇರಲಿ. ನನ್ನ ತಾಯಿ ಬೇರೆ. ಅವಳು ನನಗೆ ನಿಮ್ಮ ಗಡಿಯಾರ ಕಟ್ಟಿ, ಉಂಗುರ ತಿರುಗಿಸುವುದನ್ನು ಹೇಳಿಕೊಟ್ಟವಳು. ಆ ಉಂಗುರವನ್ನು ನಾವು ಬಳೆ ಎನ್ನುತ್ತೇವೆ. ಹೆದರಿದ ಗಂಡಸಿಗೆ ಕೈಗೆ ಬಳೆ ತೊಟ್ಟುಕೋ ಎಂದು ಬಯ್ಯುವುದು ನಿಮ್ಮ ಕಾಲದಲ್ಲಿ ಇತ್ತಂತೆ. ಇಲ್ಲಿ ಗಂಡಸರೂ ಬಳೆ ತೊಟ್ಟೇ ಸಮುದ್ರ ದಾಟುವುದು.

ಬಳೆಯ ಲೆಕ್ಕ ನಿಮಗೆ ನಾನು ಕಲಿಸಬೇಕಾಗಿಲ್ಲ. ವೇಗವನ್ನು ಅರುವತ್ತರ ಗುರುತಿನ ಎದುರು ನಿಲ್ಲಿಸಿದರೆ, ಹೋಗಬೇಕಾದ ದೂರದ ಎದುರು ಎಷ್ಟು ನಿಮಿಷ ಬೇಕು ಅಂತ ಕಾಣುತ್ತದೆ. ಎಂಜಿನ್ ಗಂಟೆಗೆ ಕುಡಿಯುವ ಎಣ್ಣೆಯನ್ನು ಅಲ್ಲಿಟ್ಟರೆ, ಉಳಿದ ಎಣ್ಣೆ ಎಷ್ಟು ನಿಮಿಷಕ್ಕೆ ಸಾಕು ಅಂತ ಕಾಣುತ್ತದೆ. ಆದರೆ ಬಳೆಗೆ ಒಂದು ಗುಣ ಉಂಟು. ಅದು ಅಂಕಿ ಹೇಳುತ್ತದೆ, ಅಳತೆ ಹೇಳುವುದಿಲ್ಲ. ಮೂರು ಎಂದು ತೋರಿಸಿದರೆ ಅದು ಮೂರೋ, ಮೂವತ್ತೋ, ಮುನ್ನೂರೋ ನಮ್ಮ ತಲೆಗೇ ಗೊತ್ತಿರಬೇಕು. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಕಟ್ಟಳೆ: ಮೊದಲು ಅಂದಾಜನ್ನು ಬಾಯಿಬಿಟ್ಟು ಗಟ್ಟಿಯಾಗಿ ಹೇಳಬೇಕು, ಆಮೇಲೆ ಬಳೆ ಮುಟ್ಟಬೇಕು. ಚಿಕ್ಕವಳಿದ್ದಾಗ ಮೀನಿಗೆ ಉಪ್ಪು ಬೆರೆಸುವಾಗಲೂ ಅಮ್ಮ ನನ್ನಿಂದ ಅಂದಾಜು ಹೇಳಿಸುತ್ತಿದ್ದಳು. ತಪ್ಪಾದರೆ ನಗುತ್ತಿದ್ದಳು, ಉತ್ತರ ಮಾತ್ರ ಹೇಳುತ್ತಿರಲಿಲ್ಲ. ಈ ಕಟ್ಟಳೆ ಶುರುವಾದದ್ದು ನಿಮ್ಮಿಂದ. ಹೇಗೆ ಅಂತ ಕೊನೆಯಲ್ಲಿ ಹೇಳುತ್ತೇನೆ, ಕೋಪ ಮಾಡಿಕೊಳ್ಳಬಾರದು.

ಹೋದ ತಿಂಗಳು ಸೀಟು ಪೂರ್ತಿ ಜನ ತುಂಬಿಕೊಂಡು ತೇಲೂರಿಗೆ ಹೊರಟಿದ್ದೆ. ಅವರಲ್ಲಿ ಗುಲಾಬಿ ಅಕ್ಕನೂ ಇದ್ದರು, ದಡದಲ್ಲಿ ಮೀನು ಮಾರಿ ಬುಟ್ಟಿ ಖಾಲಿ ಮಾಡಿಕೊಂಡು ಮನೆಗೆ ಹೋಗುವವರು. ಬಾಯಿ ಸ್ವಲ್ಪ ಜೋರು. ಅವತ್ತು ಆಕಾಶದಿಂದ ಬರುವ ದಿಕ್ಕಿನ ಸೂಚನೆ ಬೆಳಿಗ್ಗೆಯೇ ಕೆಟ್ಟಿತ್ತು. ದಾರಿತಾಯಿ ಬೆಳಗಿನ ಗಾಳಿಯ ಲೆಕ್ಕವನ್ನೇ ಹಿಡಿದುಕೊಂಡು, ಗಂಟೆಗೆ ಇನ್ನೂರು ಕಿಲೋಮೀಟರ್ ಓಡುತ್ತಿದ್ದೀರಿ, ಎಣ್ಣೆ ಬೇಕಾದಷ್ಟು ಉಂಟು, ಮುಂದೆ ಹೋಗಿ ಎನ್ನುತ್ತಿತ್ತು. ನನಗೆ ನೀರಿನ ಮೇಲೆ ನೊರೆ ಕಂಡಿತು. ಮಳೆಗಾಲದ ಮೊದಲ ಪಡುಗಾಳಿ ನಮ್ಮ ಮುಖಕ್ಕೇ ಬೀಸುತ್ತಿತ್ತು. ಸಮುದ್ರದಲ್ಲಿ ಇಪ್ಪತ್ತು ಕಿಲೋಮೀಟರಿಗೊಂದು ತೇಲುದೀಪ ಕಟ್ಟಿರುತ್ತಾರೆ. ಒಂದು ದೀಪ ರೆಕ್ಕೆಯ ಕೆಳಗೆ ಬಂದಾಗ ಗಡಿಯಾರದ ಪಕ್ಕದ ಗುಂಡಿ ಒತ್ತಿದೆ, ಮುಂದಿನದು ಬಂದಾಗ ಮತ್ತೆ ಒತ್ತಿದೆ. ಆರು ನಿಮಿಷ ಹಿಡಿಯಬೇಕಾದದ್ದು ಎಂಟು ಹಿಡಿದಿತ್ತು. ಅಂದರೆ ನಮ್ಮ ಓಟ ಇನ್ನೂರಲ್ಲ, ನೂರೈವತ್ತು.

ಇನ್ನೂ ಇನ್ನೂರ ಹತ್ತು ಕಿಲೋಮೀಟರ್ ಬಾಕಿ ಇತ್ತು. ಕಟ್ಟಳೆಯಂತೆ ಗಟ್ಟಿಯಾಗಿ ಹೇಳಿದೆ: ಹೋಗುವುದಕ್ಕೆ ಒಂದೂವರೆ ಗಂಟೆಯ ಹತ್ತಿರ ಬೇಕು, ಎಣ್ಣೆ ಇರುವುದು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚಿಗೆ. ಆಮೇಲೆ ಬಳೆ ತಿರುಗಿಸಿದೆ. ಬೇಕಾದದ್ದು ಎಂಬತ್ತನಾಲ್ಕು ನಿಮಿಷ, ಇದ್ದದ್ದು ಎಪ್ಪತ್ತು. ಹಿಂದಿನ ಸೀಟಿನಿಂದ ಗುಲಾಬಿ ಅಕ್ಕ, ಎಂತ ನೋಡುತ್ತಾ ಕೂತಿದ್ದಿ ಮಾರಾಯ್ತಿ, ತಿರುಗಿಸು ದೋಣಿ, ನನಗೆ ಈಜಿಕೊಂಡು ಮನೆಗೆ ಹೋಗುವ ವಯಸ್ಸಲ್ಲ ಅಂದರು. ದಾರಿತಾಯಿಯ ಹಿಡಿತ ಬಿಡಿಸಿ ತಿರುಗಿಸಿದೆ. ಅದೇ ಪಡುಗಾಳಿ ಈಗ ಬೆನ್ನಿಗೆ ಬಂದು, ಅರ್ಧ ಗಂಟೆಯೊಳಗೆ ಎಲ್ಲರನ್ನೂ ಮಲ್ಪೆಗೆ ತಂದು ಬಿಟ್ಟಿತು.

ಮರುದಿನವೇ ನೋಟಿಸು ಬಂತು, ದಾರಿತಾಯಿಯ ಆಜ್ಞೆ ಮೀರಿದ್ದಕ್ಕೆ. ಮಂಡಳಿಯ ಅಧ್ಯಕ್ಷರು ಪ್ರಸನ್ನ ಬಲ್ಲಾಳರು ಅಂತ, ಬಹಳ ಮರ್ಯಾದಸ್ಥರು, ಕರೆಸಿ ಮಜ್ಜಿಗೆ ಕೊಟ್ಟೇ ಮಾತಾಡಿದರು. ದೋಣಿ ತೇಲೂರು ಮುಟ್ಟುತ್ತಿರಲಿಲ್ಲ ಎನ್ನುವುದಕ್ಕೆ ಸಾಕ್ಷಿ ಎಲ್ಲಿ ಎಂದು ಕೇಳಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಸಾಕ್ಷಿ ಬೇಕಿದ್ದರೆ ನಾವೆಲ್ಲ ಮುಳುಗಬೇಕಿತ್ತು. ಅದನ್ನು ಅವರ ಎದುರೇ ಹೇಳಿದೆ. ಅವರು ನಗಲಿಲ್ಲ. ನಿನ್ನ ಬಳೆ ಎಂಬತ್ತನಾಲ್ಕು ಎನ್ನುತ್ತದೆ, ಅದು ಎಂಟೋ ಎಂಟುನೂರೋ ಅಂತ ಅದಕ್ಕೇ ಗೊತ್ತಿಲ್ಲ, ಅಂಥ ವಸ್ತುವನ್ನು ಜನರಿರುವ ದೋಣಿಯಲ್ಲಿ ಬಿಡುವುದು ಹೇಗಮ್ಮಾ ಎಂದರು. ಗಾಬರಿಯಲ್ಲಿ ತಿರುಗಿಸಿದೆ, ಗಡಿಯಾರ ನನ್ನನ್ನು ದಾರಿತಪ್ಪಿಸಿತು ಎಂದು ಸಹಿ ಹಾಕಿ ಅದನ್ನು ಒಪ್ಪಿಸಿದರೆ ನನ್ನ ಪರವಾನಗಿ ಉಳಿಯುತ್ತದಂತೆ. ಆ ಸಹಿ ಹಿಡಿದುಕೊಂಡು ಹಾರುಕಟ್ಟೆಯ ಎಲ್ಲರ ಬಳೆಯನ್ನೂ ಬಿಚ್ಚಿಸುತ್ತಾರೆ, ಅದನ್ನು ಅವರು ಮುಚ್ಚಿಡಲೂ ಇಲ್ಲ. ಗಾಳಿ ಬಂದಾಗ ತೂರಿಕೊಳ್ಳಬೇಕು ಅಂತ ಬುದ್ಧಿ ಬೇರೆ ಹೇಳಿದರು. ಗಾಳಿ ಎಷ್ಟು ಬಂತು ಅಂತಲೇ ನಿಮಗೆ ಅವತ್ತು ಗೊತ್ತಿರಲಿಲ್ಲವಲ್ಲ ಸ್ವಾಮಿ ಎಂದು ಹೇಳಿ, ಮಜ್ಜಿಗೆ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಅಜ್ಜಿ, ನನಗೆ ಸಿಟ್ಟು ಬಂದಿದೆ. ಅಳತೆ ಗೊತ್ತಿಲ್ಲದ ಗಡಿಯಾರದ ಮೇಲೆ ಅವರಿಗೆ ಭಯ, ಅಳತೆ ಗೊತ್ತಿಲ್ಲದ ಪೈಲಟ್ ಮೇಲೆ ಭಯವೇ ಇಲ್ಲ. ಮೂರಕ್ಕೂ ಮೂವತ್ತಕ್ಕೂ ವ್ಯತ್ಯಾಸ ತಿಳಿಯದವರು ಯಂತ್ರದ ಮುಂದೆ ಕೈಕಟ್ಟಿ ಕೂತರೆ ಅದನ್ನು ಸುರಕ್ಷಿತ ಎನ್ನುತ್ತಾರೆ. ಹಾರುವುದು ನನ್ನ ಅನ್ನ, ಅದಕ್ಕಿಂತ ಹೆಚ್ಚಾಗಿ ನನ್ನ ಆಸೆ. ಅದು ಹೋದರೆ ನಾನು ಅಳುತ್ತೇನೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಸಹಿ ಹಾಕುವುದಿಲ್ಲ.

ಈಗ ನಿಮ್ಮ ವಿಷಯ. ಇನ್ನು ಕೆಲವು ದಿನಗಳಲ್ಲಿ ತರಗತಿಯಲ್ಲಿ ಮೇಷ್ಟ್ರು ನಿಮ್ಮನ್ನು ಎಬ್ಬಿಸಿ, ಎಣ್ಣೆ ಎಷ್ಟು ಹೊತ್ತಿಗೆ ಸಾಕು ಎಂದು ಕೇಳುತ್ತಾರೆ. ನೀವು ಉತ್ಸಾಹದಲ್ಲಿ ಬಳೆ ತಿರುಗಿಸಿ, ಮೂರು ಗಂಟೆ ಎನ್ನುವ ಬದಲು ಮೂವತ್ತು ಗಂಟೆ ಎನ್ನುತ್ತೀರಿ. ಹಾಗಾದರೆ ಊಟ, ಹಾಸಿಗೆ ಎಲ್ಲ ಕಟ್ಟಿಕೊಂಡು ಹೋಗಮ್ಮ ಎಂದು ಮೇಷ್ಟ್ರು ನಗುತ್ತಾರೆ, ಇಡೀ ತರಗತಿ ನಗುತ್ತದೆ. ಏಳು ತಲೆಮಾರಿನಿಂದ ನಮ್ಮ ಮನೆಯಲ್ಲೂ ನಗುತ್ತಿದ್ದೇವೆ. ಆ ದಿನ ಗಡಿಯಾರವನ್ನು ಬಿಸಾಡಬೇಡಿ. ಪಕ್ಕದವರ ಟ್ಯಾಬ್ಲೆಟ್ ನೋಡಿ ಆಸೆಪಡಬೇಡಿ. ಕೋಣೆಗೆ ಹೋಗಿ ಬೇಕಾದಷ್ಟು ಅತ್ತು, ಎದ್ದು, ಮೊದಲು ಅಂದಾಜು ಹೇಳಿ ಆಮೇಲೆ ತಿರುಗಿಸಿ ನೋಡಿ. ನಾಳೆ ಮಗಳು ಹುಟ್ಟಿದರೆ ಅವಳಿಗೂ ಹಾಗೆಯೇ ಕಲಿಸಿ. ಹಾರುದೋಣಿಯಲ್ಲಿ ಕೂತ ಅಷ್ಟೂ ಜನ ಅವತ್ತು ದಡ ಸೇರಿದ್ದು ನಿಮ್ಮ ಆ ತಪ್ಪಿನಿಂದ.

ನಾಳೆ ಮಂಡಳಿಯ ವಿಚಾರಣೆಗೆ ನಾನು ಅಂಗಿಯ ತೋಳು ಮಡಚಿ, ಗಡಿಯಾರ ಎಲ್ಲರಿಗೂ ಕಾಣುವ ಹಾಗೆ ಹೋಗುತ್ತೇನೆ. ಗುಲಾಬಿ ಅಕ್ಕನೂ ಬರುತ್ತಾರಂತೆ, ಬೇಡವೆಂದರೂ ಕೇಳುವವರಲ್ಲ. ಹೊರಡುವ ಮೊದಲು ಕಟ್ಟಳೆಯಂತೆ ಅಂದಾಜು ಹೇಳಿಬಿಡುತ್ತೇನೆ, ಕೇಳಿಸಿಕೊಳ್ಳಿ: ಪರವಾನಗಿ ಹೋಗುತ್ತದೆ, ಗಡಿಯಾರ ಮನೆಗೆ ಬರುತ್ತದೆ, ಬಂದ ದಿನವೇ ಅದು ನನ್ನ ಮಗಳ ಕೈಗೆ.

ಇನ್ನು ಬಳೆ ತಿರುಗಿಸುವುದು ಬಾಕಿ.

ನಿಮ್ಮ ವಾರಿಜಾ