ಗೇಟು ಸೋರಿದ ದಿನ

ಶಿಂಚು, ತೈವಾನ್

ಗುಡ್ಡಪ್ಪ ಮಾವನಿಗೆ ನಮಸ್ಕಾರ. ಜ್ವರ ಬಿಟ್ಟಿದೆ, ಮಾತ್ರೆ ನಿಲ್ಲಿಸಿದ್ದೇನೆ.

ನಿನ್ನೆ ಚಿಪ್ ಕಾರ್ಖಾನೆಯಲ್ಲಿ ತರಬೇತಿ ಕೊಡುವಾಕೆ "ಗೇಟ್ ಲೀಕ್ ಆಗುತ್ತಿದೆ" ಎಂದಾಗ ನಾನು ಥಟ್ಟನೆ ಪ್ಯಾಂಟು ಎತ್ತಿಕೊಂಡು ನೆಲ ನೋಡಿದೆ! ಇಲ್ಲಿನ ಗೇಟು ಕಣ್ಣಿಗೇ ಕಾಣದು, ತಡೆಯುವುದು ನೀರನ್ನಲ್ಲ, ಕರೆಂಟನ್ನು. ಅದರಡಿ ಮೊದಲು ಹಾಕುತ್ತಿದ್ದ ಪದರ ತೀರಾ ತೆಳುವಾಗಿ ಸೋರತೊಡಗಿದ್ದಕ್ಕೆ, ಈಗ ಹ್ಯಾಫ್ನಿಯಂ ಎಂಬ ಲೋಹ ಬೆರೆತ ದಪ್ಪ ಪದರ ಹಾಕುತ್ತಾರಂತೆ.

ನನ್ನ ಪೆದ್ದುತನಕ್ಕೆ ಯಾರೂ ನಗಲಿಲ್ಲ. ಕಂಪ್ಲಿ ಕಾಲುವೆಯ ಏರಿ ಮೇಲೆ ನಿಂತು ನೀವು "ಗೇಟು ಸೋರಾಕತ್ತೈತಿ, ಜಲ್ದಿ ಗೋಣಿಚೀಲ ತಾರವ್ವಾ" ಎಂದು ಕೂಗುತ್ತಿದ್ದುದು ಇವರಿಗೇನು ಗೊತ್ತು? ಚಿಪ್ಪಿನ ಮೇಲೆ ಧೂಳು ಬೀಳದಿರಲೆಂದು ತೊಡಿಸುವ ಮುಸುಕಿನೊಳಗೆ ಒಬ್ಬಳೇ ನಕ್ಕೆ. ಆಮೇಲೆ ಕಣ್ಣು ತುಂಬಿತು. ಅಲ್ಲಿ ಮುಖ ಮುಟ್ಟುವಂತಿಲ್ಲ. ಸೋರಲಿ ಎಂದು ಬಿಟ್ಟೆ.

ಕಾರ್ಖಾನೆಯ ಬಸ್ಸು ಬಂತು, ಇಲ್ಲಿಗೆ ನಿಲ್ಲಿಸುತ್ತೇನೆ.
ನಿಮ್ಮ ಹೊನ್ನೂರಮ್ಮ