ಒಂದು ಫ್ರೆಟ್ ಮೇಲಿದ್ದ ದನಿ

ಅನ್ವರ್ ಭಾಯ್,

ನೀವು ನನಗೆ ಅಣ್ಣನೋ ಗುರುವೋ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಗುರುವನ್ನು ಬೈಯಬಾರದಂತೆ, ಅದಕ್ಕೆ ಅಣ್ಣ ಅಂದುಕೊಂಡೇ ಬೈಯಲು ಕೂತಿದ್ದೇನೆ. ಬಾಯಿಬಿಟ್ಟು ಬೈಯುವ ಹಾಗಿಲ್ಲ, ಡಾಕ್ಟರು ನನ್ನ ಮಾತು ನಿಲ್ಲಿಸಿದ್ದಾರೆ. ಗಂಟಲಲ್ಲಿ, ಸರಿಯಾಗಿ ದನಿ ಹುಟ್ಟುವ ಜಾಗದಲ್ಲೇ, ಗಂಟು ಬೆಳೆದಿದೆ. ಗುರುವಾರ ಆಪರೇಷನ್. ಆಮೇಲೆ ಹಾಡಬಹುದಾ ಎಂದು ಚೀಟಿಯಲ್ಲಿ ಬರೆದು ಕೇಳಿದೆ. "ಮಾತಾಡ್ಬಹುದಮ್ಮ" ಎಂದರು. ನಾನು ಕೇಳಿದ್ದು ಅದಲ್ಲವಲ್ಲ ಭಾಯ್...

ಪುಟ್ಟೇನಹಳ್ಳಿ ಕೆರೆ ಪಕ್ಕದ ನಿಮ್ಮ ಶೆಡ್ಡಿಗೆ ನಾವು ಮೊದಲು ಬಂದ ದಿನ ನೆನಪಿದೆಯೇ? ಹಿಂದೆ ಕೋಳಿ ಸಾಕಿದ್ದ ಶೆಡ್ಡು. ಆರ್.ಟಿ. ನಗರದ ನಿಮ್ಮ ತಂದೆಯ ಗಾದಿ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಗಾದಿಗಳನ್ನೆಲ್ಲ ಗೋಡೆಗೆ ಹೊಡೆದು ಅದನ್ನು ಸ್ಟುಡಿಯೋ ಎಂದು ಕರೆಯುತ್ತಿದ್ದಿರಿ. ನಾವು ನಾಲ್ವರು, ಕಾಲೇಜು ಫೆಸ್ಟುಗಳಲ್ಲಿ ಕಪ್ ಗೆದ್ದ ಕೊಬ್ಬಿನಲ್ಲಿ ಬಂದಿದ್ದೆವು. ಯಶವಂತಪುರದ ರೈಲ್ವೆ ಕ್ವಾರ್ಟರ್ಸಿನ ವಿನ್ಸಿ ಗಿಟಾರಿನ ಆರೂ ತಂತಿಯನ್ನು ಒಟ್ಟಿಗೇ ಬಾರಿಸುತ್ತಿದ್ದ. ಅವನ ತಮ್ಮ ಬೇಸ್ ಗಿಟಾರಿನಲ್ಲಿ ಅಣ್ಣನನ್ನು ಮೀರಿಸಲು ನೋಡುತ್ತಿದ್ದ. ಡ್ರಮ್ಸಿನ ರಾಜು ಯಾರ ಮೇಲೋ ಸೇಡು ತೀರಿಸಿಕೊಳ್ಳುವವನಂತೆ ಬಡಿಯುತ್ತಿದ್ದ. ಅಷ್ಟರ ಮೇಲೆ ನಾನು ಕಿರುಚುತ್ತಿದ್ದೆ. ನೀವು ಕಣ್ಣು ಮುಚ್ಚಿ ಕೇಳಿ ಒಂದೇ ಮಾತು ಹೇಳಿದಿರಿ: "ನಕ್ಕೋ." ಬೇಡ, ಅಷ್ಟೇ.

ರಾಜುವಿನ ತಾಳದ ತಟ್ಟೆಗಳನ್ನು ನೀವೇ ಬಿಚ್ಚಿ ಹೊರಗಿಟ್ಟಿದ್ದೂ ಕಣ್ಣ ಮುಂದೆಯೇ ಇದೆ. ಡ್ರಮ್ಮಿನೊಳಗೆ ದಿಂಬು ತುರುಕಿದಿರಿ. ವಿನ್ಸಿಗೆ ಕೆಳಗಿನ ಮೂರು ತಂತಿ ಸಾಕು ಎಂದಿರಿ. ನನ್ನನ್ನು ಗಾದಿ ಗೋಡೆಗೆ ಮುಖ ಮಾಡಿ ಕೂರಿಸಿ, "ತಂಗಿ, ಸ್ಟೇಜ್ ಮರ್ತುಬಿಡು. ಪಕ್ಕದಲ್ಲಿ ಕೂತಿರೋ ಒಬ್ಬರಿಗೆ ಹೇಳೋ ಹಂಗೆ ಹೇಳು" ಎಂದಿರಿ. ಯಲಹಂಕದ ಕಡೆಯಿಂದ ಏರ್‌ಫೋರ್ಸಿನ ವಿಮಾನ ಬಂದಾಗಲೆಲ್ಲ ಎಲ್ಲ ನಿಲ್ಲಿಸಿ ಚಾವಣಿ ನೋಡುತ್ತಾ ಕೂರುತ್ತಿದ್ದಿರಿ, ಅದು ದೂರವಾದ ಮೇಲೆ ಮೊದಲಿಂದ. ನಮ್ಮ ಗದ್ದಲದೊಳಗೆ ಒಂದು ಹಾಡು, ಆ ರೈಲಿನ ಹಾಡು, ಇತ್ತೆಂದು ನಮಗೇ ಗೊತ್ತಿರಲಿಲ್ಲ. ಅದನ್ನು ಹೊರಗೆ ತೆಗೆದವರು ನೀವು. ಇದನ್ನು ನಾನು ಇವತ್ತಿನ ಸಿಟ್ಟಿನಲ್ಲೂ ಒಪ್ಪುತ್ತೇನೆ.

ರೆಕಾರ್ಡು ಕೊಡಿಗೇಹಳ್ಳಿಯ ನಮ್ಮ ಮನೆಗೆ ಬಂದ ಸಂಜೆ ಅಮ್ಮ ಅಕ್ಕಿ ಆರಿಸುತ್ತಿದ್ದಳು. ನಾನು ಆ ರೈಲಿನ ಹಾಡನ್ನೇ ಹಾಕಿದೆ. ಅಮ್ಮ ಮೊರ ಪಕ್ಕಕ್ಕಿಟ್ಟು ಪೂರ್ತಿ ಕೇಳಿದಳು.

"ಇದು ನಿನ್ ದನಿ ಅಲ್ಲ ಕಣೇ. ಯಾವ್ಳೋ ಚಿಕ್ ಉಡ್ಗಿ ದನಿ ಇದ್ದಂಗೈತೆ."

ನಾವು ಬಿದ್ದು ಬಿದ್ದು ನಕ್ಕೆವು. ರೆಕಾರ್ಡಿನಲ್ಲಿ ಎಲ್ಲರ ದನಿಯೂ ಹಾಗೇ ಕೇಳಿಸುವುದು ಎಂದು ಅವಳಿಗೆ ಪಾಠ ಬೇರೆ ಹೇಳಿದೆ. ನೀವೂ ಅಲ್ಲೇ ಚಾಪೆಯ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದಿರಿ. ನೀವು ನಕ್ಕಿರಾ? ಎಷ್ಟು ಯೋಚಿಸಿದರೂ ನನಗೆ ನೆನಪಾಗುತ್ತಿಲ್ಲ.

ಆಮೇಲೆ ಶುರುವಾಯಿತಲ್ಲ ಆ ಹುಚ್ಚು. ಮದರಾಸು, ಬೊಂಬಾಯಿ, ಎಲ್ಲಿ ಹೋದರೂ ಆ ಹಾಡು. ಒಂದು ದಿನ ವಿನ್ಸಿ ತಲೆ ಕೆರೆದುಕೊಂಡು ಬಂದ. "ಭಾಯ್, ರೆಕಾರ್ಡ್ ಜೊತೆ ನುಡಿಸಿದ್ರೆ ಗಿಟಾರ್ ಸೇರ್ತಾ ಇಲ್ಲ. ಒಂದು ಫ್ರೆಟ್, ಅರ್ಧ ಸ್ವರ, ಮೇಲೈತೆ ಹಾಡು." ನೀವು ತಲೆ ಎತ್ತದೆ, "ನಿಂದು ಪ್ಲೇಯರ್ ಜಾಸ್ತಿ ಓಡ್ತದೆ, ರಿಪೇರಿ ಮಾಡ್ಸು" ಎಂದಿರಿ. ಊರಲ್ಲಿ ಒಬ್ಬೊಬ್ಬರ ಪ್ಲೇಯರ್ ಒಂದೊಂದು ವೇಗ, ಹಾಗಾಗಿ ನಂಬಿದೆವು. ಆದರೆ ಜನರಿಗೆ ಬೇಕಾದದ್ದು ರೆಕಾರ್ಡಿನಲ್ಲಿದ್ದ ಹಾಡು. ವಿನ್ಸಿ ತಂತಿ ಬಿಗಿದು ಅದೇ ಶ್ರುತಿಗೆ ಏರಿಸಿದ. ಅವನ ಹಿಂದೆ ನಾನೂ ಏರಿದೆ. ಎರಡು ವರ್ಷ, ಊರೂರಲ್ಲಿ, ನನ್ನದೇ ದನಿಯನ್ನು ಅಟ್ಟಿಸಿಕೊಂಡು ಓಡಿದೆ. ಯಾಕೆ ಸಿಗುತ್ತಿಲ್ಲ, ನನ್ನಲ್ಲೇ ಏನೋ ಕೆಟ್ಟಿದೆ ಎಂದು ಬಚ್ಚಲಲ್ಲಿ ನಿಂತು ಅತ್ತಿದ್ದೇನೆ. ಶೋ ಮುಗಿದ ಮೇಲೆ ನೀವು ಬಿಸಿನೀರು ತಂದುಕೊಟ್ಟು, "ಕಮ್ಮಿ ಶೋ ಒಪ್ಕೋ ತಂಗಿ" ಎನ್ನುತ್ತಿದ್ದಿರಿ. ಅಷ್ಟು ಹೇಳಿದವರು ಇನ್ನೊಂದು ಮಾತು ಸೇರಿಸಿದ್ದರೆ...

ಒಂದು ದಿನ ನೀವು ಎದೆ ಹಿಡಿದು ಕೂತವರು ಏಳಲೇ ಇಲ್ಲ. ತಿಂಗಳುಗಳು ಕಳೆದು, ರೆಕಾರ್ಡು ಕಂಪನಿಯವರು ಹೊಸ ಹಾಡು ಕೇಳಿದರೆಂದು ಮೊನ್ನೆ ವಿನ್ಸಿ ಶೆಡ್ಡಿನ ಬೀಗ ತೆಗೆದ. ನಿಮ್ಮ ದೊಡ್ಡ ಟೇಪ್ ಮಿಷನ್ನಿನ ಮುಚ್ಚಳ ಬಿಚ್ಚಿ ಸ್ಪಿರಿಟ್ಟಿನಲ್ಲಿ ಒರೆಸುವಾಗ, ಟೇಪನ್ನು ಎಳೆಯುವ ಉಕ್ಕಿನ ಕಡ್ಡಿಗೆ ಹಿತ್ತಾಳೆಯದೊಂದು ಸಣ್ಣ ಕೊಳವೆ ತೊಡಿಸಿದ್ದು ಸಿಕ್ಕಿತು. ಅದು ಇದ್ದರೆ ಟೇಪು ಬೇಗ ಓಡುತ್ತದೆ, ಶ್ರುತಿ ಏರುತ್ತದೆ. ತೆಗೆದರೆ ಇಳಿಯುತ್ತದೆ. ಎಷ್ಟು ಏರುತ್ತದೆ ಎಂದು ಅವನು ಗಿಟಾರ್ ಹಿಡಿದು ನೋಡಿದ. ಸರಿಯಾಗಿ ಒಂದು ಫ್ರೆಟ್. ನಾವು ಹಾಡಿ ಮನೆಗೆ ಹೋದ ಮೇಲೆ ನೀವು ಆ ಕೊಳವೆ ತೊಡಿಸಿ, ಓಡಿಸಿ, ಅದನ್ನೇ ನಕಲು ಮಾಡಿ ಕಂಪನಿಗೆ ಕಳಿಸಿದ್ದಿರಿ. ಜಗತ್ತು ಕೇಳಿದ ಆ ಎಳೆಯ ದನಿ ಯಾವತ್ತೂ ಯಾರ ಗಂಟಲಲ್ಲೂ ಇರಲಿಲ್ಲ. ಇಲ್ಲದ ಹುಡುಗಿಯ ಜೊತೆ ಪಂದ್ಯ ಕಟ್ಟಿ ನಾನು ಗಂಟಲು ಹರಿದುಕೊಂಡೆ!

ಅವತ್ತೇ ಆರ್.ಟಿ. ನಗರಕ್ಕೆ ಓಡಿದೆ. ಜುಬೇದಾ ಭಾಭಿ ಬಾಗಿಲು ತೆಗೆದರು. ಆ ಕೊಳವೆಯನ್ನು ನಿಮ್ಮ ಹೆಂಡತಿಯ ಅಂಗೈಗೆ ಹಾಕಿ, ಡಾಕ್ಟರನ್ನೂ ಮರೆತು, ಯಾಕೆ ಎಂದು ಕೂಗಿದೆ. ಗಾಳಿ ಬಂತು, ದನಿ ಬರಲಿಲ್ಲ. ಭಾಭಿಗೆ ಅರ್ಥವಾಯಿತು.

"ಕಂಪನಿಯವರು ಟೇಪ್ ವಾಪಸ್ ಕಳ್ಸಿದ್ರು ಬೇಟಿ. ಹುಡುಗಿ ದನಿ ದಪ್ಪ, ಬೇರೆಯವರನ್ನ ಹಾಡ್ಸಿ ಅಂದ್ರು. ಇವ್ರು ಎರಡು ದಿನ ಊಟ ಬಿಟ್ರು. ಆಮೇಲೆ ಇದನ್ನ ಮಾಡಿಸ್ಕೊಂಡು ಬಂದ್ರು. 'ರತ್ನಾನ್ನ ತೆಗಿಯಲ್ಲ' ಅಂದ್ರು, ಅಷ್ಟೇ."

ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ ದಾರಿ ಹುಡುಕಿದಿರಿ, ಅಲ್ಲವೇ? ನನ್ನನ್ನು ಉಳಿಸಿಕೊಳ್ಳಲು ನನ್ನ ದನಿಯನ್ನು ತೆಗೆದಿರಿ. ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳುವ ಸುಖವನ್ನೂ ಭಾಭಿ ಕಿತ್ತುಕೊಂಡರು. ಮೆಟ್ಟಿಲ ಮೇಲೆ ಕೂತು ಅವರ ಸೆರಗಿನಲ್ಲೇ ಮುಖ ಒರೆಸಿಕೊಂಡೆ.

ಬಸ್ಸಿನಲ್ಲಿ ಹೆಬ್ಬಾಳ ದಾಟುವಾಗ ಇನ್ನೊಂದು ಹೊಳೆಯಿತು. ಗುರುವಾರ ನನ್ನ ಗಂಟಲಿಗೆ ಕತ್ತರಿ ಬೀಳುತ್ತದೆ. ಈಗ ಇರುವುದು ಬರೀ ಗೊರಗೊರ. ಹಾಗಾದರೆ ನನ್ನ ಸ್ವಂತ ದನಿ, ಅಮ್ಮ ಗುರುತು ಹಿಡಿಯುವ ದನಿ, ಈ ಭೂಮಿಯ ಮೇಲೆ ಎಲ್ಲಿ ಉಳಿದಿದೆ? ಹೊಳೆದದ್ದೇ ಶೆಡ್ಡಿಗೆ ಹೋಗಿ ವಿನ್ಸಿಯನ್ನು ಎಳೆದುಕೊಂಡು ಒಂದೊಂದೇ ಟೇಪು ಹಾಕಿಸಿದೆ. ನಾವು ಹಾಡಿದ ಮೂಲ ಟೇಪು ಎಲ್ಲಾದರೂ ಇರಬಹುದೆಂದು. ನೀವು ಒಂದೇ ಟೇಪನ್ನು ಅಳಿಸಿ ಅಳಿಸಿ ಬಳಸುತ್ತಿದ್ದಿರಲ್ಲ ಭಾಯ್, ಮತ್ತೆ ಟೇಪು ಎಲ್ಲಿ ಸಿಗುತ್ತದೋ ಎಂದು. ಒಂದರಲ್ಲಿ ಯಾವುದೋ ಶಾಲೆಯ ಪ್ರಾರ್ಥನೆ. ಒಂದರಲ್ಲಿ ಸೋಪಿನ ಜಾಹೀರಾತು. ಮತ್ತೊಂದರಲ್ಲಿ ಕವ್ವಾಲಿ. ನಾನು ಎಲ್ಲೂ ಇರಲಿಲ್ಲ. ಗಾದಿಗೆ ಹಣೆ ಚಚ್ಚಿಕೊಂಡೆ, ನಿಮ್ಮ ಗೋಡೆಯಲ್ಲಿ ಅದರ ಸದ್ದೂ ಬರಲಿಲ್ಲ.

ನಿನ್ನೆ ಬೆಳಿಗ್ಗೆ ವಿನ್ಸಿ ತನ್ನ ಪ್ಲೇಯರ್ ಹೊತ್ತುಕೊಂಡು ನಮ್ಮ ಮನೆಗೆ ಬಂದ. ಗಿಟಾರಿನ ತಂತಿಗಳನ್ನು ಸಡಿಲಿಸಿ ಹಳೆಯ ಶ್ರುತಿಗೆ ತಂದ, ಶೆಡ್ಡಿನಲ್ಲಿ ಅವತ್ತು ನುಡಿಸಿದ ಶ್ರುತಿಗೆ. ಆಮೇಲೆ ರೈಲಿನ ಹಾಡು ಹಾಕಿದ.

"ನಾನು ಗಿಟಾರ್ ಬಾರಿಸ್ತಾ ಇರ್ತೀನಿ. ನೀನು ಆ ತಿರುಗೋ ತಟ್ಟೆ ಅಂಚಿಗೆ ಬೆರಳಿಟ್ಟು ಮೆಲ್ಲಗೆ ಒತ್ತು ರತ್ನಾ. ಎರಡೂ ಸೇರೋವರ್ಗೂ ಒತ್ತು."

ಒತ್ತಿದೆ. ಹಾಡು ನರಳಿತು, ತೀರಾ ಕೆಳಗೆ ಜಾರಿತು. ಬೆರಳು ಸಡಿಲಿಸಿದೆ, ಮತ್ತೆ ಮೇಲೆ ಓಡಿತು. ಮತ್ತೆ ಒತ್ತಿದೆ. ಒಂದು ಗಳಿಗೆಯಲ್ಲಿ ಗಿಟಾರೂ ರೆಕಾರ್ಡೂ ಒಂದಾದವು. ಒಬ್ಬ ಹೆಂಗಸು ಹಾಡುತ್ತಿದ್ದಳು. ಹುಡುಗಿಯಲ್ಲ, ಹೆಂಗಸು. ಸಾಲು ಸಾಲಿನ ನಡುವೆ ಅವಳು ಉಸಿರು ತೆಗೆದುಕೊಳ್ಳುವುದು ಕೇಳಿಸಿತು. ಏನೂ ಅವಸರವಿರಲಿಲ್ಲ ಅವಳಿಗೆ. ಅಡುಗೆಮನೆಯಿಂದ ಅಮ್ಮ ಒದ್ದೆ ಕೈಯಲ್ಲೇ ಬಂದು ಬಾಗಿಲಿಗೆ ಒರಗಿ ನಿಂತಳು. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟಳು.

ಗುರುವಾರದ ಮೇಲೆ ಏನು ಉಳಿಯುತ್ತದೋ ಗೊತ್ತಿಲ್ಲ. ಗೊರಗೊರವೇ ಉಳಿದರೂ ಅದನ್ನು ಅದರ ವೇಗದಲ್ಲೇ ಹಾಡುತ್ತೇನೆ, ಯಾರು ದಪ್ಪ ಎಂದರೂ ಸರಿ. ಹೆದರಿಕೆ ಹೋಗಿಲ್ಲ, ಈ ಸಾಲು ಬರೆಯುವಾಗಲೂ ಅಕ್ಷರಗಳು ಸೊಟ್ಟಗಾಗುತ್ತಿವೆ. ಆದರೂ ಒಂದು ವಿಷಯ ನಿಮಗೆ ತಿಳಿಸಲೇಬೇಕು. ಆ ಎರಡು ದಿನ ಊಟ ಬಿಟ್ಟು ಕೂತಾಗ ನಿಮಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ ಅನ್ನಿಸುತ್ತದೆ.

ಅವಳು ಚೆನ್ನಾಗಿಯೇ ಹಾಡಿದ್ದಳು ಭಾಯ್. ಏನೂ ಮಾಡಬೇಕಾಗಿರಲಿಲ್ಲ.

ನಿಮ್ಮ ತಂಗಿ,
ರತ್ನ